ಲಕ್ವಾ ಹೊಡದ ಅಪ್ಪಗ ಬೆಡ್ ಸೋರ್ (ಮಲಗಿ ಮಲಗಿ ಆಗೋ ಹುಣ್ಣು) ಹಾಳಿಯೊಳಗ 23ಕ್ಕೆ 23! ಕಲಬುರಗಿಯೊಳಗ ಪೇಷಂಟ್ ಅಡ್ಮಿಟ್ ಮಾಡೋರು ಓದ್ರಿ

ಆಸ್ಪತ್ರಿ ಹೆಸರು ಹಾಕಂಗಿಲ್ಲ, ಕೇಸು ಗೀಸು ಅಂತ ತಿರಗಲಾಕ ನನ್ನ ಕಡಿ ಟೈಮಿಲ್ಲ. ಅಪ್ಪಗ ಎಡಗಡಿ ಲಕ್ವಾ ಹೊಡದಿತ್ತು, ಶುಗರ್ ಬ್ಯಾರೆ ಅದ, ಮ್ಯಾಲೆ ನಮ್ಮ ಕಲಬುರಗಿ ಮೇ ತಿಂಗಳ ಧಗಿ, ರೆಕ್ಸಿನ್ ಗಾದಿ ಮ್ಯಾಲೆ ಬೆನ್ನೆಲ್ಲಾ ತೊಯ್ದು ತೊಪ್ಪಿ. ಮಗ್ಗಲು ಹೊಳ್ಳಿಸ್ಲಾಕ ಹೋದ್ರ ಸಿಸ್ಟರ್ "ನೀವು ಕೈ ಹಚ್ಚಬ್ಯಾಡ್ರಿ, ಪೈಪ್ ಕಿತ್ತಾವು" ಅಂತಿದ್ಲು, ಹುಣ್ಣಾಗಲಾರದಂಗ ಹಾಕೋ ಗಾಳಿ ಗಾದಿ, ಏರ್ ಬೆಡ್, ಕೇಳಿದ್ರ "ಇವ್ರಿಗಿ ಗರಜಿಲ್ಲ, ನಾವು ದಿನಾ ಚೆಕ್ ಮಾಡ್ತೀವಿ". ದಿನಾ ಚೆಕ್ ಮಾಡ್ತೀವಿ! ಈ ಮಾತು ನೆನಪಿಟ್ಗೋರಿ.

ಡಿಸ್ಚಾರ್ಜ್ ದಿನ ಧೋತ್ರ ಬದಲಿ ಮಾಡಲಾಕ ಹೊಳ್ಳಿಸಿದ್ರ ಟೊಂಕದ ಕೆಳಗ ಎಲುಬಿನ ಮ್ಯಾಲೆ ಚರ್ಮ ಸುಲದು ಕೀವು. ನಾರ್ತಿತ್ತು.

ಕ್ಲೇಮಿಗಂತ ಕೇಸ್ ಶೀಟ್ ಜೆರಾಕ್ಸ್ ತಗೊಂಡ್ರ ಅದರಾಗ ಬ್ರೇಡನ್ ಸ್ಕೇಲ್ ಅಂತ ಒಂದು ಹಾಳಿ. ಬೀದರಿನಾಗ ನರ್ಸಿಂಗ್ ಓದೋ ಅಕ್ಕನ ಮಗಳು ನೋಡಿ "ಮಾಮಾ, ಬೆಡ್ ಸೋರ್ ಆಗೋ ರಿಸ್ಕ್ ಎಷ್ಟದ ಅಂತ ನೋಡೋದು ಇದು" ಅಂದ್ಲು. ಒತ್ತಿದ್ದು ಗೊತ್ತಾಗ್ತದಾ, ಮೈ ಹಸಿ ಇರ್ತದಾ, ನಡೀತಾರಾ, ತಾವೇ ಹೊಳ್ಳತಾರಾ, ಊಟ ಹ್ಯಾಂಗ, ಮೈ ಹಾಸಿಗಿಗೆ ಉಜ್ಜತದಾ, ಇವು ಆರು ನೋಡಿ ನಂಬರ್ ಹಾಕ್ಬೇಕು, 18 ಇಲ್ಲಾ ಅದಕಿಂತ ಕಡಿಮಿ ಬಂದ್ರ ರಿಸ್ಕು. ಅಪ್ಪಂದು 23. ಪೂರಾ 23ಕ್ಕೆ 23, ಅಂದ್ರ ರಿಸ್ಕೇ ಇಲ್ಲಂತ! ನನ್ನ ಎಸ್ಸೆಸ್ಸೆಲ್ಸಿಯೊಳಗೂ ಹಿಂಗ ಬಂದಿಲ್ಲ. ದಿನಾ 23, ಒಂದೇ ಪೆನ್ನು, ಒಂದೇ ಕೈ, ತಾರೀಖ್ ಮಾತ್ರ ಬ್ಯಾರೆ. ಪದೇ ಪದೇ ಅಡ್ಡಾಡ್ತಾರ ಅನ್ನೋ ಕಡಿ ಟಿಕ್ ಹಾಕ್ಯಾರ್ರಿ, ಎಡಗಾಲು ಎತ್ತಲಾಕ ಬರಲಾರದ ಮನಷ್ಯಾಗ!

ಹೋಗಿ ಕೇಳಿದ್ರ ಮ್ಯಾನೇಜರ್ "ಅದು ಫಾರ್ಮಾಲಿಟಿ ಸರ್, ಆಡಿಟಿಗೆ ಬೇಕಾಗ್ತದ" ಅಂದ. ಹಂಗಾರ ಗಾಯ? "ವಯಸ್ಸಾದೋರಿಗಿ ಆಗೋದೇ. ನೀವು ಬಾಜೂಕೇ ಇದ್ರಲ್ಲ, ನೀವ್ಯಾಕ ಹೊಳ್ಳಿಸಿಲ್ಲ?" ಮೈಯೆಲ್ಲಾ ಉರೀತು. ಕೈ ಹಚ್ಚಬ್ಯಾಡ್ರಿ ಅಂದೋರು ಯಾರು? ಬಿಲ್ಲಿನಾಗ ದಿನಾ ನರ್ಸಿಂಗ್ ಚಾರ್ಜ್ ಹಾಕೋವಾಗ ನಾ ಬಾಜೂಕ ಇದ್ದದ್ದು ನೆನಪಾಗಲಿಲ್ಲೇನು?

ಅಡ್ಮಿಟ್ ಆದ ದಿನಾನೇ ಬ್ರೇಡನ್ ಸ್ಕೋರ್ ಎಷ್ಟಂತ ಕೇಳ್ರಿ, ಹಾಳಿ ಫೋಟೋ ಹೊಡ್ಕೋರಿ. ಟೊಂಕ, ಹಿಮ್ಮಡ ದಿನಾ ನೋಡ್ರಿ, ಕೆಂಪಾದಲ್ಲಿ ಬೆರಳಿಲೆ ಒತ್ತಿದ್ರ ಬೆಳ್ಳಗ ಆಗಲಿಲ್ಲಂದ್ರ ಅದೇ ಬೆಡ್ ಸೋರಿನ ಶುರುವಾತು. ನಮ್ಮಂಥ ಕರಿ ಮೈಯಾಗ ಕೆಂಪು ಸರಿ ಕಾಣಂಗಿಲ್ಲ, ಮುಟ್ಟಿ ನೋಡ್ರಿ, ಬಿಸಿ ಇಲ್ಲಾ ಗಟ್ಟಿ ಹತ್ತಿದ್ರ ಸುಮ್ಮನಿರಬ್ಯಾಡ್ರಿ, ಒದರಾಡ್ರಿ. ಕೇಸ್ ಶೀಟ್ ಕೇಳಿದ್ರ 72 ತಾಸಿನಾಗ ಕೊಡ್ಬೇಕಂತ ರೂಲ್ ಅದ, ನನಗ "ರೆಕಾರ್ಡ್ ರೂಮ್ ಸರ್ ರಜಾದಾಗ ಹರ" ಅಂತ ತಿರುಗಾಡ್ಸಿ ತಿರುಗಾಡ್ಸಿ ಕೊಟ್ರು, ಅದೂ ಜೆರಾಕ್ಸಿಗಿ ರೊಕ್ಕ ಇಸ್ಕೊಂಡು.