ಮಂಡ್ಯದ ಈ ಔಷಧಿ ಅಂಗಡಿ ಯಾಕೆ ಇಷ್ಟ ಅಂದರೆ

ಮಾರ್ಕೆಟ್ ಹತ್ತಿರದ ಗೊಬ್ಬರ, ಔಷಧಿ ಅಂಗಡಿ ಇದು. ರೇಟು ಬೇರೆ ಕಡೆಯಷ್ಟೇ. ಯಜಮಾನರು ಯಾವ ಬೆಳೆ, ಎಷ್ಟು ಗುಂಟೆ, ಏನು ಹುಳ ಅಂತ ಕೇಳಿ ಒಂದು ಸಲ ಹೊಡೆಯುವಷ್ಟೇ ಕೊಡುತ್ತಾರೆ, ಯಾರಾದರೂ ಸಪ್ಪೆ ಮುಖ ಹಾಕಿಕೊಂಡು ಬಂದರೆ ಸುಮ್ನೆ ಕೂರಿಸಿ ಟೀ ತರಿಸಿ ಮಾತಾಡಿಸುತ್ತಾರೆ. ರೈತರೊಬ್ಬರು ತಾವೇ ‘ನನ್ನ ಕೈಗೆ ಕೊಡಬೇಡಿ, ಮಗನಿಗೆ ಕೊಡಿ’ ಎಂದಿದ್ದರಂತೆ, ಅದನ್ನು ಇವತ್ತಿಗೂ ನಡೆಸುತ್ತಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲೂ 2019ರಿಂದ ‘ನನಗೆ ಬಂದೂಕು ಮಾರಬೇಡಿ’ ಎಂದು ಜನ ತಾವಾಗಿಯೇ ಹೆಸರು ಬರೆಸಬಹುದು. ಸಾಯಬೇಕು ಅನ್ನಿಸುವ ಆ ಕೆಟ್ಟ ಗಳಿಗೆ ಎಷ್ಟೋ ಸಲ ದಾಟಿ ಹೋಗುತ್ತದೆ, ಅಲ್ವಾ? ಅಲ್ಲಿವರೆಗೆ ಅಂಥದ್ದು ಕೈಗೆ ಸಿಗಬಾರದು. ಗೋಡೆ ಮೇಲೆ ಮನಸ್ಸಿನ ಕಷ್ಟ ಹೇಳಿಕೊಳ್ಳೋ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಇದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಕ್ಷರ ಮಾತ್ರ ತುಂಬಾ ಸಣ್ಣದು, ದೊಡ್ಡದಾಗಿ ಬರೆಸಿ ಅಣ್ಣ.