ಸದ್ದು ತಗ್ಗಿಸಿದ ಮೇಲೆ ಕೇಳತೊಡಗಿದ ರೈಲು: ಸೌಂಡ್ ಡಿಕೋಡರ್ ಜೊತೆ ಕೆಲವು ವರ್ಷಗಳು

ಮಾದರಿ ರೈಲಿಗೆ ಸೌಂಡ್ ಡಿಕೋಡರ್, ಅಂದರೆ ಎಂಜಿನ್ನಿನೊಳಗೆ ಕೂತು ಆಜ್ಞೆ ಓದಿ ಸದ್ದು ಹೊರಡಿಸುವ ಪುಟ್ಟ ಸರ್ಕ್ಯೂಟ್, ಹಾಕಿಸಬೇಕೇ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ಹಾಕಿಸಿ, ಆದರೆ ಅದರ ಜೊತೆಗೆ ಒಳ್ಳೆಯ ಸ್ಪೀಕರ್‌ಗೂ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಒಂದು ಕೆಪಾಸಿಟರ್‌ಗೂ ಹಣ ಎತ್ತಿಡಿ. ಅವೆರಡಕ್ಕೆ ಈಗ ಅನುಕೂಲವಿಲ್ಲದಿದ್ದರೆ ಎಂಜಿನ್ ಸದ್ಯಕ್ಕೆ ಮೌನವಾಗಿಯೇ ಓಡಲಿ, ನಷ್ಟವಿಲ್ಲ.

ನನ್ನ ಬಳಿ ಇರುವುದು ಎಚ್‌ಒ ಅಳತೆಯ, ಅಂದರೆ 1:87 ಪ್ರಮಾಣದ ಎಂಜಿನ್‌ಗಳು. ಒಂದು ಉಗಿ ಎಂಜಿನ್‌ಗೆ ಲೋಕ್‌ಸೌಂಡ್ 5 ಡಿಕೋಡರನ್ನು ನಾನೇ ಅಳವಡಿಸಿದೆ. ಇನ್ನೊಂದು ಡೀಸೆಲ್ ಎಂಜಿನ್, ಧ್ವನಿಯೂ ದೀಪವೂ ಕಾರ್ಖಾನೆಯಲ್ಲೇ ಕೂಡಿಸಿ ಬಂದದ್ದು. ಅದರ ಕಂಪನಿಯ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ಈ ಎರಡನ್ನು ಒಂದೇ ಹಳಿಯ ಮೇಲೆ ವರ್ಷಗಟ್ಟಲೆ ಓಡಿಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು.

ಹೊಸಬರಿಗಾಗಿ ಎರಡು ಮಾತು. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯಲ್ಲಿ ಹಳಿಯಲ್ಲಿ ವಿದ್ಯುತ್ ಸದಾ ಪೂರ್ಣ ಪ್ರಮಾಣದಲ್ಲಿರುತ್ತದೆ, ಆಜ್ಞೆಗಳೂ ಅದರಲ್ಲೇ ಹರಿಯುತ್ತವೆ. ಧ್ರುವ ಬದಲಾಗುವ ಅವಧಿ 58 ಮೈಕ್ರೋಸೆಕೆಂಡ್ ಆದರೆ ಅದು ಸಂಕೇತದಲ್ಲಿ ‘ಒಂದು’, 100 ಅಥವಾ ಅದಕ್ಕಿಂತ ಹೆಚ್ಚಾದರೆ ಸೊನ್ನೆ. ಎಂಜಿನ್ನಿನೊಳಗಿನ ಡಿಕೋಡರ್ ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನು ಮಾತ್ರ ಓದಿ ಮೋಟಾರು, ದೀಪ, ಧ್ವನಿ ಮೂರನ್ನೂ ನಡೆಸುತ್ತದೆ. ಜರ್ಮನಿಯ ಲೆಂಜ್ ಸಂಸ್ಥೆ ರೂಪಿಸಿದ ಈ ವಿಧಾನವನ್ನು ಅಮೆರಿಕದ ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಮಾನದಂಡವಾಗಿ ಸ್ವೀಕರಿಸಿತು. ಒಂದು ಕಂಪನಿಯ ಎಂಜಿನ್ ಇನ್ನೊಂದು ಕಂಪನಿಯ ಕಂಟ್ರೋಲರ್‌ಗೆ ಕಿವಿಗೊಡುವುದು ಆ ಒಪ್ಪಂದದಿಂದಲೇ.

ಈಗ ಸ್ಪೀಕರ್. ಡಿಕೋಡರ್‌ನ ಪೆಟ್ಟಿಗೆಯ ಮೇಲೆ ಹತ್ತು ಧ್ವನಿಗಳು ಏಕಕಾಲಕ್ಕೆ, ಹದಿನಾರು ಬಿಟ್ ಗುಣಮಟ್ಟ ಎಂದೆಲ್ಲ ಬರೆದಿರುತ್ತದೆ. ಅದು ಸುಳ್ಳಲ್ಲ. ಆದರೆ ಆ ಹತ್ತೂ ಧ್ವನಿಗಳು ಹೊರಬರಬೇಕಾದದ್ದು ಬೆರಳುಗುರಿನಷ್ಟು ಅಗಲದ ಒಂದು ಪೊರೆಯಿಂದ. ಪೊರೆ ಮುಂದಕ್ಕೆ ತಳ್ಳಿದ ಗಾಳಿಯ ಅಲೆಯೂ ಹಿಂದಕ್ಕೆ ತಳ್ಳಿದ ಅಲೆಯೂ ಒಂದಕ್ಕೊಂದು ವಿರುದ್ಧ. ನಡುವೆ ತಡೆಯಿಲ್ಲದಿದ್ದರೆ ಅವು ಸುತ್ತಿ ಬಂದು ಪರಸ್ಪರ ಅಳಿಸಿಹಾಕುತ್ತವೆ, ಅದರಲ್ಲೂ ಕೆಳಗಿನ ಸ್ವರಗಳು ಪೂರ್ತಿ ನುಂಗಿಹೋಗುತ್ತವೆ. ಹಾಗಾಗಿ ಸ್ಪೀಕರ್‌ನ ಹಿಂಭಾಗಕ್ಕೆ ಗಾಳಿ ಸೋರದ ಪುಟ್ಟ ಡಬ್ಬಿ ಬೇಕೇ ಬೇಕು. ಉಗಿ ಎಂಜಿನ್ನಿನ ಹಿಂದಿನ ಕಲ್ಲಿದ್ದಲು-ನೀರಿನ ಬಂಡಿಯಾದ ಟೆಂಡರ್‌ನಲ್ಲಿ ಮೊದಲಿದ್ದ ದುಂಡು ಸ್ಪೀಕರನ್ನು ತೆಗೆದು, ಚೌಕ ಸಕ್ಕರೆ ತುಂಡಿನಾಕಾರದ 11×15 ಮಿಲಿಮೀಟರ್ ಸ್ಪೀಕರನ್ನು ಡಬ್ಬಿ ಸಮೇತ ಕೂರಿಸಿ, ಅಂಚುಗಳನ್ನೆಲ್ಲ ಅಂಟಿನಿಂದ ಮುಚ್ಚಿದೆ. ಡಿಕೋಡರ್ ಅದೇ, ಧ್ವನಿ ಫೈಲೂ ಅದೇ. ಎಂಜಿನ್ ಮಾತ್ರ ಬೇರೆಯೇ ಆಯಿತು.

ಇಷ್ಟಾದರೂ ನಿಜವಾದ ಕೆಳಸ್ವರ ಬರುವುದಿಲ್ಲ. ಅಷ್ಟು ಸಣ್ಣ ಪೊರೆಗೆ ಅದು ಸಾಧ್ಯವೇ ಇಲ್ಲ. ನಮ್ಮನ್ನು ಕಾಪಾಡುವುದು ನಮ್ಮ ಮಿದುಳು. ಮೂಲಸ್ವರ ಇಲ್ಲದಿದ್ದರೂ ಅದರ ಮೇಲ್ಸ್ವರಗಳು ಸರಿಯಾಗಿದ್ದರೆ ಸಾಕು, ಇಲ್ಲದ ಗುಡುಗುಡುವನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಅಂಗಡಿಯ ಪ್ರದರ್ಶನದಲ್ಲಿ ಕಿವಿಗಡಚಿಕ್ಕುವಂತೆ ಕೂಗುವ ಎಂಜಿನ್‌ಗಳು ಈ ಭ್ರಮೆಯನ್ನೇ ಕೆಡಿಸಿಕೊಳ್ಳುತ್ತವೆ: ಪೊರೆ ತನ್ನ ಮಿತಿ ಮೀರಿದೊಡನೆ ಕರ್ಕಶ ಶುರು.

ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಕಾರ್ಖಾನೆಯಿಂದ ಬರುವ ಧ್ವನಿಮಟ್ಟಕ್ಕೂ ಪ್ರಮಾಣಕ್ಕೂ ಸಂಬಂಧವೇ ಇಲ್ಲ. 1:87ರ ಎಂಜಿನ್ನನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಎಂಜಿನ್ನನ್ನು 87 ಮೀಟರ್ ದೂರದಿಂದ ನೋಡಿದಂತೆ. ಕಣ್ಣಿಗೆ ಎಂಬತ್ತೇಳು ಮೀಟರ್, ಕಿವಿಗೆ ಬಾಯ್ಲರಿನ ಪಕ್ಕದಲ್ಲೇ ನಿಂತ ಅನುಭವ ಎಂದರೆ ಯಾವ ನ್ಯಾಯ? ಲೋಕ್‌ಸೌಂಡ್‌ನಲ್ಲಿ ಒಟ್ಟು ಧ್ವನಿಯನ್ನು ನಿಯಂತ್ರಿಸುವುದು ಸಿವಿ 63, ಅಂದರೆ ಡಿಕೋಡರ್ ನೆನಪಿಟ್ಟುಕೊಳ್ಳುವ 63ನೇ ಹೊಂದಾಣಿಕೆ. ಅದರ ಗರಿಷ್ಠ ಮೌಲ್ಯ 192. ನಾನು ಅದನ್ನು ಅರವತ್ತರ ಆಸುಪಾಸಿಗೆ ಇಳಿಸಿದ್ದೇನೆ. ಆಮೇಲೆ ಶಿಳ್ಳೆ, ಬ್ರೇಕು, ಪಂಪುಗಳನ್ನು ಒಂದೊಂದಾಗಿ ಹೊಂದಿಸಿ, ಶಿಳ್ಳೆಯೊಂದು ಮಾತ್ರ ಉಳಿದೆಲ್ಲಕ್ಕಿಂತ ಮೇಲೆ ಕೇಳುವಂತೆ ಮಾಡಿದ್ದೇನೆ. ಕೊಂಡ ಹೊಸದರಲ್ಲಿ ಅರ್ಧ ಗಂಟೆಗೇ ಸಾಕೆನಿಸುತ್ತಿದ್ದ ಸದ್ದು ಈಗ ಸಂಜೆಯಿಡೀ ಹಿನ್ನೆಲೆಯಲ್ಲಿ ಹಿತವಾಗಿ ಇರುತ್ತದೆ.

ಉಗಿ ಎಂಜಿನ್ನಿಗೆ ಸದ್ದಿಗಿಂತಲೂ ತಾಳ ಮುಖ್ಯ. ಎರಡು ಸಿಲಿಂಡರಿನ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಭುಸುಗುಡಬೇಕು. ಸಮಾನ ಕೋನದಲ್ಲಿ ಕ್ರ್ಯಾಂಕ್ ಇರುವ ಮೂರು ಸಿಲಿಂಡರಿನದು ಆರು ಬಾರಿ. 1970ರ ದಶಕದಲ್ಲಿ ಪಿಎಫ್‌ಎಂ ಕಂಪನಿಯ ವ್ಯವಸ್ಥೆ ಇದಕ್ಕೆ ಚಕ್ರದ ಅಚ್ಚಿನಲ್ಲೇ ಒಂದು ಸಂಪರ್ಕಬಿಂದು ಇಟ್ಟಿತ್ತು. ಸದ್ದು ಹುಟ್ಟುತ್ತಿದ್ದದ್ದು ಹೊರಗಿನ ಪೆಟ್ಟಿಗೆಯಲ್ಲಿ, ಹಳಿಯ ಮೂಲಕ ಸಾಗಿ ಟೆಂಡರಿನ ಸ್ಪೀಕರಿಗೆ ಬರುತ್ತಿತ್ತು. ಇನ್ನೂ ಹಿಂದೆ, 1935ರಲ್ಲಿ, ಲಯನೆಲ್ ಕಂಪನಿ ಟೆಂಡರಿನೊಳಗೆ ಪುಟ್ಟ ಮೋಟಾರಿಟ್ಟು ನಿಜವಾದ ಗಾಳಿಯಿಂದಲೇ ಶಿಳ್ಳೆ ಹಾಕಿಸಿತ್ತು. ಹಳಿಯ ಎಸಿ ವಿದ್ಯುತ್ತಿನ ಮೇಲೆ ಸ್ವಲ್ಪ ಡಿಸಿ ಸೇರಿಸಿದರೆ ರಿಲೇ ಎಳೆದು ಶಿಳ್ಳೆ ಮೊಳಗುತ್ತಿತ್ತು. ಎಂಥ ತಲೆ! ಇಂದಿನ ಡಿಕೋಡರ್ ಮೋಟಾರು ಹಿಂದಿರುಗಿಸುವ ವೋಲ್ಟೇಜನ್ನು ಅಳೆದು ವೇಗವನ್ನು ಊಹಿಸುತ್ತದೆ, ತಾಳವನ್ನು ಅದರಿಂದಲೇ ಹಾಕುತ್ತದೆ. ನಿಧಾನ ಮತ್ತು ವೇಗದ ಎರಡು ಹೊಂದಾಣಿಕೆಗಳನ್ನು ತಾಳ್ಮೆಯಿಂದ ಸರಿಪಡಿಸಿದರೆ ನಾಲ್ಕಕ್ಕೆ ನಾಲ್ಕು ಕೂಡಿಕೊಳ್ಳುತ್ತದೆ. ಆದರೂ ತೀರಾ ತೆವಳುವ ವೇಗದಲ್ಲಿ ಕೊಂಚ ಜಾರುತ್ತದೆ ಎನ್ನಬೇಕು. ಅಲ್ಲಿ ಹಳೆಯ ಅಚ್ಚಿನ ಸಂಪರ್ಕವೇ ಇಂದಿಗೂ ನಿಖರ.

ಡೀಸೆಲ್ ಧ್ವನಿ ಫೈಲ್‌ಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಮೋಟಾರಿನ ವೇಗವನ್ನು ಹಿಡಿದಿಟ್ಟು ಎಂಜಿನ್ನಿನ ಮೊರೆತವನ್ನು ಮಾತ್ರ ಏರಿಳಿಸುವ ಸೌಲಭ್ಯ. ಏರು ದಾರಿಯಲ್ಲಿ ಭಾರ ಎಳೆಯುವಾಗ ಗರ್ಜನೆ, ಇಳಿಜಾರಿನಲ್ಲಿ ಅದೇ ವೇಗಕ್ಕೆ ಮೆಲುದನಿ. ಮಿಕ್ಕ ಗುಂಡಿಗಳಲ್ಲಿ ಅರ್ಧಕ್ಕರ್ಧ ನಾನು ಮುಟ್ಟುವುದಿಲ್ಲ. ನಿಲ್ದಾಣದ ಘೋಷಣೆ ಎಂಜಿನ್ನಿನ ಹೊಟ್ಟೆಯಿಂದ ಏಕೆ ಬರಬೇಕು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ದೀಪದ ಕಥೆಗೆ ಬಂದರೆ, ಇಲ್ಲಿ ಪ್ರಗತಿ ಹೆಚ್ಚು ಪ್ರಾಮಾಣಿಕವಾದದ್ದು. ಡಿಸಿಸಿಗೂ ಮೊದಲಿನ ಡಿಸಿ ಕಾಲದಲ್ಲಿ, ಅಂದರೆ ಹಳಿಯ ವೋಲ್ಟೇಜೇ ವೇಗವನ್ನು ನಿರ್ಧರಿಸುತ್ತಿದ್ದಾಗ, ಗೋಧಿಕಾಳಿನ ಗಾತ್ರದ ಬಲ್ಬು ಹಳಿಯ ವೋಲ್ಟೇಜಿಗೆ ತಕ್ಕಂತೆ ಉರಿಯುತ್ತಿತ್ತು: ರೈಲು ನಿಂತರೆ ಕತ್ತಲೆ, ಓಡಿದರೆ ಬೆಳಕು. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಮೋಟಾರಿನ ದಾರಿಯಲ್ಲಿ ಡಯೋಡ್‌ಗಳನ್ನು ಇಡುವುದು. ಒಂದೊಂದರ ಮೇಲೆ ಸುಮಾರು 0.7 ವೋಲ್ಟ್ ಉಳಿಯುವುದರಿಂದ ಎರಡರ ಮೇಲೆ 1.4, ಒಂದೂವರೆ ವೋಲ್ಟಿನ ಬಲ್ಬಿಗೆ ಅಷ್ಟೇ ಸಾಕು, ರೈಲು ಹೊರಡುವ ಮೊದಲೇ ದೀಪ ಸಮನಾಗಿ ಉರಿಯುತ್ತದೆ. ಆಮೇಲೆ ಬಂದ ಬಿಳಿ ಎಲ್‌ಇಡಿ ಬಲ್ಬಿನ ಶಾಖವನ್ನು ತಪ್ಪಿಸಿತು. ಪ್ಲಾಸ್ಟಿಕ್ ಕರಗುವ ಭಯ ಹೋಯಿತು. ಬದಲಿಗೆ ಬಂದದ್ದು ನೀಲಿ ಛಾಯೆ. ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಬೆಳಕು ಸೂಸುವ ಹಳದಿ ಫಾಸ್ಫರ್ ಪುಡಿಯ ಲೇಪ. ಲೇಪ ತೆಳುವಾದಷ್ಟೂ ನೀಲಿ ಇಣುಕುತ್ತದೆ. 1940ರ ಉಗಿ ಎಂಜಿನ್ನಿಗೆ ಆ ಬೆಳಕು ಹಾಕುವುದು ಕಾಲಕ್ಕೆ ಮಾಡುವ ಅವಮಾನ.

ಈಗ ಬೆಚ್ಚನೆಯ ಬಿಳಿಯಲ್ಲಿ 0402 ಗಾತ್ರದ ಎಲ್‌ಇಡಿಗಳು, ಅಂದರೆ 1×0.5 ಮಿಲಿಮೀಟರ್‌ನವು, ಸುಲಭವಾಗಿ ಸಿಗುತ್ತವೆ. ಎಣ್ಣೆದೀಪದ ಆಕಾರದ ಬಾಲದೀಪದೊಳಗೂ ಅವು ಹೊಕ್ಕುತ್ತವೆ. ಪ್ರಖರತೆಯ ವಿಷಯದಲ್ಲಿ ನನ್ನ ಸಲಹೆ ಧ್ವನಿಗೆ ಹೇಳಿದ್ದೇ. ವಾಡಿಕೆಯ ಒಂದು ಕಿಲೋಓಮ್ ರೆಸಿಸ್ಟರಿನ ಬದಲು ಹತ್ತು ಕಿಲೋಓಮ್ ಹಾಕಿ ನೋಡಿ. ಹರಿಯುವ ಪ್ರವಾಹ ಹೆಚ್ಚುಕಡಿಮೆ ಒಂದು ಮಿಲಿಆಂಪಿಯರ್ ಆಗುತ್ತದೆ, ದೀಪ ದೀಪದಂತೆ ಕಾಣುತ್ತದೆ. ತಂತಿಬಲ್ಬಿನಂತೆ ನಿಧಾನವಾಗಿ ಹೊತ್ತಿಕೊಂಡು ನಿಧಾನವಾಗಿ ಆರುವ ಪರಿಣಾಮ ಡಿಕೋಡರ್‌ನಲ್ಲೇ ಇದೆ. ಅದನ್ನು ಆರಿಸಿಕೊಳ್ಳಲು ಮರೆಯಬೇಡಿ. ಕೆಂಪು ಮತ್ತು ಕಿತ್ತಳೆ ಎರಡು ಎಲ್‌ಇಡಿಗಳಿಂದ ಒಲೆಯ ಮಿನುಗನ್ನು ಮಾಡಿದ್ದೇನೆ. ಸಲಿಕೆಯ ಸದ್ದಿನ ಜೊತೆಗೆ ಅದು ಒಮ್ಮೆ ಜ್ವಲಿಸಿದಾಗ ಈ ಖರ್ಚೆಲ್ಲ ಸಾರ್ಥಕವೆನಿಸುತ್ತದೆ.

ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಹೆಡ್‌ಲೈಟಿನ ಬೆಳಕು ಪ್ಲಾಸ್ಟಿಕ್ ಗೋಡೆಯ ಮೂಲಕವೇ ಹೊರಗೆ ಸೋರಿ ಚಾಲಕನ ಕೋಣೆಯೆಲ್ಲ ಹೊಳೆಯುತ್ತಿತ್ತು; ಒಳಗೆ ಕಪ್ಪು ಬಣ್ಣ ಬಳಿದು ಸರಿಪಡಿಸಿದ್ದಾಯಿತು. ಸ್ಪೀಕರ್ ಡಬ್ಬಿಯ ಸ್ಕ್ರೂ ಸಡಿಲವಾಗಿ ಒಂದು ನಿರ್ದಿಷ್ಟ ವೇಗದಲ್ಲಿ ಝರ್ರೆನ್ನುತ್ತಿತ್ತು. ಮಾರಿದವರಿಗೆ ಬರೆದರೆ ಧ್ವನಿ ಕಡಿಮೆ ಇಡಿ ಎಂಬ ಉತ್ತರ ಬಂತು. ನನ್ನದೇ ಸಿದ್ಧಾಂತ ನನಗೇ ತಿರುಗಿ ಬಂದರೂ ಅದು ಸ್ಕ್ರೂ ಬಿಗಿ ಮಾಡದಿರಲು ನೆಪವಾಗಬಾರದು. ಗುಂಡಿಗಳ ಕ್ರಮವೂ ಬೇರೆ: ಅಮೆರಿಕದ ಫೈಲುಗಳಲ್ಲಿ ಸಾಮಾನ್ಯವಾಗಿ ಎಫ್1 ಗಂಟೆ, ಎಫ್2 ಹಾರ್ನ್, ಯುರೋಪಿನ ಹಲವು ಫೈಲುಗಳಲ್ಲಿ ಎಫ್1 ಒತ್ತಿದರೆ ಧ್ವನಿಯೇ ಶುರು. ಎರಡನ್ನೂ ಓಡಿಸುವವರು ಮೊದಲ ದಿನವೇ ಒಂದು ಕ್ರಮಕ್ಕೆ ತಂದುಕೊಳ್ಳುವುದು ಮೇಲು.

ಕೆಪಾಸಿಟರ್ ಬಗ್ಗೆ ಆರಂಭದಲ್ಲೇ ಹೇಳಿದ್ದೆ. ಮೌನ ಎಂಜಿನ್ನಿಗೆ ಹಳಿಯ ಕೊಳೆಯಿಂದಾಗುವ ಕ್ಷಣಮಾತ್ರದ ಕಡಿತ ಗೊತ್ತೇ ಆಗುವುದಿಲ್ಲ, ಓಟದ ಭಾರ ಅದನ್ನು ದಾಟಿಸಿಬಿಡುತ್ತದೆ. ಧ್ವನಿಯಿದ್ದರೆ ಅದೇ ಕಡಿತಕ್ಕೆ ಸದ್ದು ಕತ್ತರಿಸಿ, ಎಂಜಿನ್ ಮತ್ತೆ ಮೊದಲಿನಿಂದ ಸ್ಟಾರ್ಟ್ ಆಗುವ ಪ್ರಹಸನ ನಡೆಯುತ್ತದೆ. ಹಳಿ ಕವಲೊಡೆಯುವ ಪಾಯಿಂಟುಗಳ ಮೇಲೆ ಇದು ಹೆಚ್ಚು. ಶೇಖರಿಸಿಟ್ಟ ವಿದ್ಯುತ್ತು ಒಂದೆರಡು ಸೆಕೆಂಡು ಎಳೆದರೂ ಸಮಸ್ಯೆ ಮುಗಿಯಿತು. ಡಿಕೋಡರ್ ಹೊಂದಿಸಲು ಬಳಸುವ ಪ್ರೋಗ್ರಾಮಿಂಗ್ ಹಳಿಯಲ್ಲಿ ಮಾತ್ರ ಕೆಲವು ಕೆಪಾಸಿಟರ್‌ಗಳು ಸಿವಿ ಓದಲು ಅಡ್ಡ ಬರುತ್ತವೆ. ಓದು ವಿಫಲವಾದರೆ ಡಿಕೋಡರ್ ಸತ್ತಿತೆಂದು ಗಾಬರಿಯಾಗದೆ ಮೊದಲು ಅದನ್ನು ಕಳಚಿ ನೋಡಿ. ಕೆಪಾಸಿಟರ್ ಇದೆಯೆಂದು ಚಕ್ರ ಒರೆಸುವುದನ್ನು ಬಿಡುವಂತಿಲ್ಲ.

ಎಲ್ಲ ಎಂಜಿನ್‌ಗಳಿಗೂ ಧ್ವನಿ ಹಾಕಿಸುವ ಯೋಚನೆ ನನಗಿಲ್ಲ. ಮೂರು ಎಂಜಿನ್‌ಗಳು ಒಟ್ಟಿಗೆ ಸದ್ದು ಮಾಡಿದರೆ ಯಾವುದು ಎಲ್ಲಿದೆ ಎಂದೇ ತಿಳಿಯುವುದಿಲ್ಲ, ಶೆಡ್ಡಿನಲ್ಲಿ ನಿಂತದ್ದನ್ನು ಮ್ಯೂಟ್ ಮಾಡುತ್ತಲೇ ಇರಬೇಕಾಗುತ್ತದೆ. ಮುಂದಿನ ಖರ್ಚು ಬೋಗಿಗಳ ಒಳದೀಪಕ್ಕೆ: ಹಳಿಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸುವ ಬ್ರಿಡ್ಜ್ ರೆಕ್ಟಿಫೈಯರ್, ಮಿನುಗು ತಡೆಯಲು ಸಣ್ಣ ಕೆಪಾಸಿಟರ್, ಮಂದವಾದ ಬೆಚ್ಚನೆಯ ಎಲ್‌ಇಡಿ ಪಟ್ಟಿ.