ಓಡುತ್ತಲೇ ಆಫ್ ಆಗುವ ಕಾರು: ಮೆಕ್ಯಾನಿಕ್, ಸರ್ವಿಸ್ ಸೆಂಟರ್, 650 ರೂಪಾಯಿಯ ಸ್ಕ್ಯಾನರ್, ಎಲೆಕ್ಟ್ರೀಶಿಯನ್

ಏಪ್ರಿಲ್ ತಿಂಗಳ ಒಂದು ಶನಿವಾರ. ಮಧ್ಯಾಹ್ನ ಎರಡು ಗಂಟೆ ಬಿಸಿಲು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಹೆಬ್ಬಾಳು ಟೋಲ್ ದಾಟಿದ್ದೆ, ಭರಮಸಾಗರ ಇನ್ನೂ ಬಂದಿರಲಿಲ್ಲ. 80ರಲ್ಲಿ ಹೋಗುತ್ತಿದ್ದ ಕಾರಿನ ಎಂಜಿನ್ ಇದ್ದಕ್ಕಿದ್ದಂತೆ ಆಫ್ ಆಯಿತು. ಜರ್ಕ್ ಇಲ್ಲ, ಮಿಸ್ಸಿಂಗ್ ಇಲ್ಲ. ಯಾರೋ ಸ್ವಿಚ್ ಆರಿಸಿದ ಹಾಗೆ. ಸ್ಟೇರಿಂಗ್ ಕಲ್ಲಿನಂತೆ ಗಟ್ಟಿಯಾಯಿತು. ಹಿಂದೆ ಇದ್ದ ಲಾರಿಯವನು ಹಾರ್ನ್ ಹೊಡೆಯುತ್ತಲೇ ಬಲಗಡೆಯಿಂದ ದಾಟಿಹೋದ.

ಆವತ್ತು ಕಾರನ್ನು ಹೇಗೋ ಎಡಕ್ಕೆ ತಂದು ನಿಲ್ಲಿಸಿದೆ. ಅಲ್ಲಿಂದ ಮುಂದಿನ ಐದು ವಾರ ಇದೇ ತೊಂದರೆಯ ಹಿಂದೆ ಬಿದ್ದೆ. ನಾಲ್ಕು ಕಡೆ ತೋರಿಸಿದೆ. ನಾಲ್ಕಕ್ಕೂ ದುಡ್ಡು ಕೊಟ್ಟೆ. ಯಾವುದು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಕಾರು 2013ರ ಕೊನೆಯಲ್ಲಿ ತೆಗೆದುಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್. 90 ಸಾವಿರ ಕಿಲೋಮೀಟರ್ ದಾಟಿದೆ.

ಮೊದಲು ಒಂದು ಮುಖ್ಯ ಮಾತು. ಓಡುವಾಗ ಎಂಜಿನ್ ನಿಂತರೆ ಬ್ರೇಕ್ ಸತ್ತುಹೋಗುವುದಿಲ್ಲ. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟು ಸಹಾಯ ಮಾಡುತ್ತದೆ. ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಹಾಗಾಗಿ ಸುಮ್ನೆ ಪಂಪ್ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ, ಹದವಾಗಿ ಒತ್ತಿ. ಗಾಬರಿಯಲ್ಲಿ ಕೀ ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಹಜಾರ್ಡ್ ಲೈಟ್ ಹಾಕಿ, ಎಡಕ್ಕೆ ತನ್ನಿ. ಮನೆಯವರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ನ್ಯಾಷನಲ್ ಹೈವೇಯಲ್ಲಾದರೆ ಸಹಾಯವಾಣಿ 1033ಕ್ಕೆ ಫೋನ್ ಮಾಡಬಹುದು.

ದಾರಿ ಬದಿಯ ಮೆಕ್ಯಾನಿಕ್

ಯಾರೋ ನಂಬರ್ ಕೊಟ್ಟರು. ಬೈಕಿನಲ್ಲಿ ಬಂದ. ಅವನು ಬರುವಷ್ಟರಲ್ಲಿ 25 ನಿಮಿಷ ಆಗಿತ್ತು. ಅಲ್ಲಿಯವರೆಗೆ ನಾನು ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಅವನು ಬಾನೆಟ್ ತೆಗೆದ, ಬ್ಯಾಟರಿ ಟರ್ಮಿನಲ್ ಬಿಚ್ಚಿದ, ಉಜ್ಜಿದ, ಹಾಕಿದ. ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್. ನನಗೆ ಅವನು ದೇವರ ಹಾಗೆ ಕಂಡ. ನಿಜವಾಗಿ ಆಗಿದ್ದೇನೆಂದರೆ, ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಅದು ತಿಳಿಯಲು ನನಗೆ ಐದು ವಾರ ಬೇಕಾಯಿತು.

‘ಪೆಟ್ರೋಲ್ ಪಂಪ್ ವೀಕ್ ಆಗಿದೆ ಸಾರ್, ಬಿಸಿಯಾದಾಗ ಕೈ ಕೊಡ್ತದೆ’ ಅಂದ. ಶೆಡ್ಡಿಗೆ ಹೋಗಿ ಪಂಪ್ ಬದಲಿಸಿದ. ಪಂಪಿಗೂ ಕೂಲಿಗೂ ಸೇರಿ 5,600 ರೂಪಾಯಿ.

ಅವನ ಊಹೆ ಅಸಾಧ್ಯವಾದದ್ದೇನಲ್ಲ. ಬಿಸಿಗೆ ನಿಲ್ಲುವ ಪಂಪ್‌ಗಳೂ ಇವೆ. ಆದರೆ ಪಂಪ್ ಸಾಯುವ ರೀತಿ ಸಾಮಾನ್ಯವಾಗಿ ಬೇರೆ. ಪಿಕಪ್ ಕಡಿಮೆಯಾಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಜರ್ಕ್ ಹೊಡೆದು ಹೊಡೆದು ನಿಲ್ಲುತ್ತದೆ. ಇನ್ನೊಂದು, ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕೆಳಗಿಂದ ಎರಡು ಮೂರು ಸೆಕೆಂಡ್ ಗುಯ್ ಅನ್ನುವ ಸದ್ದು ಬರಬೇಕು. ನನ್ನ ಕಾರಿನಲ್ಲಿ ಆ ಸದ್ದು ಬರುತ್ತಲೇ ಇತ್ತು. ಅದನ್ನು ಯಾರೂ ಕಿವಿಗೊಟ್ಟು ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಂಥ ಕಾರಿನಲ್ಲಿ ಪೆಟ್ರೋಲ್ ಲೈನಿಗೆ ಗೇಜ್ ಹಾಕಿದರೆ 3ರಿಂದ 4 ಬಾರ್ ಒತ್ತಡ ತೋರಿಸಬೇಕು. ಅವನ ಹತ್ತಿರ ಗೇಜ್ ಇರಲಿಲ್ಲ. ಅಳೆಯದೆ ಬದಲಿಸಿದ್ದು ಅವನ ತಪ್ಪು. ‘ಅಳೆದು ತೋರಿಸು’ ಅಂತ ಕೇಳದೆ ದುಡ್ಡು ಕೊಟ್ಟದ್ದು ನನ್ನ ತಪ್ಪು.

ಅವನಿಂದ ಇನ್ನೊಂದು ನಷ್ಟವೂ ಆಯಿತು. ಬ್ಯಾಟರಿ ಟರ್ಮಿನಲ್ ಬಿಚ್ಚಿದರೆ ತುಂಬಾ ಕಾರುಗಳಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತನ್ನ ನೆನಪಿನಲ್ಲಿಟ್ಟುಕೊಂಡ ಫಾಲ್ಟ್ ಕೋಡ್, ಅಂದರೆ ತೊಂದರೆ ಎಲ್ಲಿ ಅಂತ ಹೇಳುವ ಗುರುತು, ಅಳಿಸಿಹೋಗುತ್ತದೆ. ಸಾಕ್ಷಿಯನ್ನು ನಾವೇ ಒರೆಸಿದ ಹಾಗೆ.

ಕಂಪನಿ ಸರ್ವಿಸ್ ಸೆಂಟರ್

ಒಂಬತ್ತು ದಿನ ಕಾರು ಚೆನ್ನಾಗಿ ಓಡಿತು. ಹತ್ತನೇ ದಿನ ಶಾಮನೂರು ರಸ್ತೆಯಲ್ಲಿ, ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ಮತ್ತೆ ಆಫ್. ಆ ಮೆಕ್ಯಾನಿಕ್ ಹುಡುಗ ಮಾಡಿದ್ದನ್ನೇ ನಾನೂ ಮಾಡಿದೆ, ಟರ್ಮಿನಲ್ ಬಿಚ್ಚಿ ಹಾಕಿದೆ. ಅರ್ಧ ಗಂಟೆಗೆ ಸ್ಟಾರ್ಟ್ ಆಯಿತು. ಸೀದಾ ಸರ್ವಿಸ್ ಸೆಂಟರ್‌ಗೆ ಬಿಟ್ಟೆ.

ಇಲ್ಲಿ ಹೇಳುವುದು ಜಾಸ್ತಿ ಇಲ್ಲ. ಅವರ ಸ್ಕ್ಯಾನರ್, ಅಂದರೆ ಕೋಡ್ ಓದುವ ಯಂತ್ರ, ದೊಡ್ಡದು, ಒಳ್ಳೆಯದು. ಎಬಿಎಸ್, ಏರ್‌ಬ್ಯಾಗ್ ಎಲ್ಲಾ ಓದುತ್ತದೆ. ಎರಡು ದಿನ ಇಟ್ಟುಕೊಂಡರು. ಬೆಳಿಗ್ಗೆ ಹೊತ್ತು 12 ಕಿಲೋಮೀಟರ್ ಓಡಿಸಿದರು. ಕಾರು ಆಫ್ ಆಗಲಿಲ್ಲ, ಕೋಡ್ ಇರಲಿಲ್ಲ. ಕೋಡ್ ಅಳಿಸಿದವನು ನಾನೇ ಅಲ್ವಾ! ‘ತೊಂದರೆ ಕಂಡುಬಂದಿಲ್ಲ’ ಅಂತ ಬರೆದು, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿ 1,180 ರೂಪಾಯಿ ಬಿಲ್ ಕೊಟ್ಟರು. ಮತ್ತೆ ಹೀಗಾದರೆ ಇಸಿಯು ಬದಲಿಸಬೇಕಾಗಬಹುದು ಅಂತ ಹೇಳಿ ಕಳಿಸಿದರು. ಆ ಮಾತು ಕೇಳಿ ಎರಡು ದಿನ ನನಗೆ ನಿದ್ದೆ ಬರಲಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚೆಕ್ ಲೈಟ್ ಹತ್ತಿಕೊಂಡೇ ಇರುವ ಕಾರಿಗೆ ಈ ಜಾಗ ಸರಿ. ಬಂದು ಹೋಗುವ ತೊಂದರೆಗೆ ಅಲ್ಲ. ಕಾರು ಸತ್ತಿರುವಾಗ ಅವರು ಅಲ್ಲಿರುವುದಿಲ್ಲ, ಅವರ ಹತ್ತಿರ ಹೋಗುವಾಗ ಕಾರು ಸತ್ತಿರುವುದಿಲ್ಲ.

650 ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್

ಅದಕ್ಕೇ ಇದನ್ನು ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇಎಲ್‌ಎಂ 327 ಅಂತ ಬರೆದಿರುತ್ತದೆ. ಅದು ಕೆನಡಾದ ಒಂದು ಕಂಪನಿ ಮಾಡುತ್ತಿದ್ದ ಚಿಪ್‌ನ ಹೆಸರು. ಈ ಬೆಲೆಗೆ ಸಿಗುವುದೆಲ್ಲ ಅದರ ನಕಲು. ನಕಲಿನಲ್ಲೂ ವ್ಯತ್ಯಾಸ ಇದೆ. ಮೊದಲು ತರಿಸಿದ್ದರ ಮೇಲೆ 2.1 ಅಂತ ಇತ್ತು, ನನ್ನ ಕಾರಿಗೆ ಕನೆಕ್ಟ್ ಆಗಲೇ ಇಲ್ಲ, ವಾಪಸ್ ಕಳಿಸಿದೆ. 1.5 ಅಂತ ಇದ್ದದ್ದು ಕೆಲಸ ಮಾಡಿತು. ಐಫೋನ್ ಇರುವವರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದನ್ನು ತೆಗೆದುಕೊಳ್ಳಬೇಕು, ಮಾಮೂಲಿ ಬ್ಲೂಟೂತ್‌ನದು ಅದಕ್ಕೆ ಆಗುವುದಿಲ್ಲ.

ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಸಾಕೆಟ್ ಇರುತ್ತದೆ. ನಮ್ಮ ದೇಶದಲ್ಲಿ ಒಬಿಡಿ-2, ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಗುರುತಿಸಿ ಈ ಸಾಕೆಟ್‌ನಲ್ಲಿ ಹೇಳುವ ವ್ಯವಸ್ಥೆ, ಕಡ್ಡಾಯವಾದದ್ದು ಏಪ್ರಿಲ್ 2013ರಿಂದ. ಅದಕ್ಕಿಂತ ಹಳೇ ಕಾರಾದರೆ ಓದಬಹುದು, ಓದದೆಯೂ ಇರಬಹುದು. ಕೊಳ್ಳುವ ಮುಂಚೆ ಸ್ನೇಹಿತರ ಹತ್ತಿರ ಇದ್ದರೆ ಹಾಕಿ ನೋಡಿ.

ಫೋನಿನ ಆ್ಯಪ್‌ನಲ್ಲಿ ವೇಗ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು), ಕೂಲೆಂಟ್ ಬಿಸಿ, ಬ್ಯಾಟರಿ ವೋಲ್ಟೇಜ್ ಈ ನಾಲ್ಕನ್ನೂ ರೆಕಾರ್ಡ್‌ಗೆ ಹಾಕಿ, ಬೇಕೆಂದೇ ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬನೇ ಹೊರಟೆ. ಎಡಗಡೆ ಲೇನ್ ಬಿಡಲಿಲ್ಲ. ಆನಗೋಡು ದಾಟಿದ ಮೇಲೆ ಆಫ್ ಆಯಿತು. ಈ ಸಲ ಕ್ಲಚ್ ಒತ್ತಲಿಲ್ಲ. ಗೇರ್‌ನಲ್ಲೇ ಬಿಟ್ಟು ಪಕ್ಕಕ್ಕೆ ಉರುಳಿಸಿದೆ.

ನಿಲ್ಲಿಸಿದ ಮೇಲೆ ಫೋನ್ ನೋಡಿದೆ. ಒಂದು ಸಾಲಿನಲ್ಲಿ ವೇಗ 74, ಆರ್‌ಪಿಎಂ 2,310. ಅದರ ಕೆಳಗಿನ ಸಾಲಿನಲ್ಲಿ ವೇಗ 72, ಆರ್‌ಪಿಎಂ ಸೊನ್ನೆ. ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ!

ಯಾಕೆಂದರೆ ಅದು ಆಗುವ ಮಾತಲ್ಲ. ಕಾರು ಗೇರ್‌ನಲ್ಲಿದೆ, 72ರಲ್ಲಿ ಓಡುತ್ತಿದೆ. ಎಂಜಿನ್ ಉರಿಯದಿದ್ದರೂ ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಪೆಟ್ರೋಲ್ ನಿಂತಿದ್ದರೆ ಆರ್‌ಪಿಎಂ ವೇಗದ ಜೊತೆಗೇ ಮೆಲ್ಲಗೆ ಇಳಿಯಬೇಕಿತ್ತು. ಒಂದೇ ಏಟಿಗೆ ಸೊನ್ನೆ ಆಗಿದೆ ಅಂದರೆ, ಎಂಜಿನ್ ತಿರುಗುತ್ತಿದೆ ಅನ್ನುವ ಸುದ್ದಿಯೇ ಇಸಿಯುಗೆ ಹೋಗುತ್ತಿಲ್ಲ. ಆ ಸುದ್ದಿ ಕೊಡುವುದು ಕ್ರ್ಯಾಂಕ್ ಸೆನ್ಸರ್. ಸುದ್ದಿ ಬರದಿದ್ದರೆ ಇಸಿಯು ಸ್ಪಾರ್ಕನ್ನೂ ಪೆಟ್ರೋಲನ್ನೂ ಎರಡನ್ನೂ ನಿಲ್ಲಿಸಿಬಿಡುತ್ತದೆ. ಜರ್ಕ್ ಇಲ್ಲದೆ ಆಫ್ ಆಗುತ್ತಿದ್ದದ್ದು ಅದಕ್ಕೇ.

ಅಲ್ಲೇ ನಿಂತು ಸೆಲ್ಫ್ ಹೊಡೆದೆ. ಸೆಲ್ಫ್ ಹೊಡೆಯುವಾಗ 200, 250ರ ಸುಮಾರು ಆರ್‌ಪಿಎಂ ತೋರಿಸಬೇಕು. ಎಂಜಿನ್ ಗರಗರ ತಿರುಗುತ್ತಿದೆ, ಫೋನಿನಲ್ಲಿ ಸೊನ್ನೆ. ಐದಾರು ಸಲ ಹೊಡೆದ ಮೇಲೆ ಪೆಂಡಿಂಗ್ ಕೋಡ್ (ಇಸಿಯು ಇನ್ನೂ ಖಾತ್ರಿ ಮಾಡಿಕೊಳ್ಳದ ಕೋಡ್) ಬಂತು: ಪಿ0335. ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್.

ಸ್ಕ್ಯಾನರ್ ಇಲ್ಲದವರೂ ಇದರಲ್ಲಿ ಅರ್ಧ ಪರೀಕ್ಷೆ ಮಾಡಬಹುದು. ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮುಳ್ಳನ್ನು ನೋಡಿದರೆ ಸಾಕು. ಗೇರ್‌ನಲ್ಲಿ ಉರುಳುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಸೆನ್ಸರ್ ಕಡೆ ನೋಡಿ. ವೇಗದ ಜೊತೆ ನಿಧಾನ ಇಳಿದರೆ ಪಂಪ್, ಅದಕ್ಕೆ ಕರೆಂಟ್ ಕೊಡುವ ಸ್ವಿಚ್ ಆದ ರಿಲೇ, ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಕಡೆ ನೋಡಿ. ಡ್ಯಾಶ್‌ಬೋರ್ಡಿನ ಲೈಟುಗಳೇ ಎಲ್ಲಾ ಆರಿಹೋದರೆ ಸ್ಕ್ಯಾನರ್ ಮುಟ್ಟಲೇಬೇಡಿ. ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್, ಇಗ್ನಿಷನ್ ಸ್ವಿಚ್ ಮೊದಲು ನೋಡಿ.

ಈ ಸ್ಕ್ಯಾನರ್ ಡಬ್ಬಿಯ ಕೊರತೆಯನ್ನೂ ಹೇಳಬೇಕು. ಕೋಡ್ ಬಂತು ಅಂದರೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥ ಅಲ್ಲ. ಸರ್ಕ್ಯೂಟ್‌ನಲ್ಲಿ ಎಲ್ಲೋ ತೊಂದರೆ ಇದೆ ಅಂತ ಅಷ್ಟೇ. ಸೆನ್ಸರ್ ಇರಬಹುದು, ಕನೆಕ್ಟರ್ ಇರಬಹುದು, ಇಲಿ ಕಡಿದ ವೈರ್ ಇರಬಹುದು. ಅಷ್ಟು ಮಾತ್ರ ನೋಡಿ ಪಾರ್ಟ್ ಬದಲಿಸಿದರೆ ಮತ್ತೆ ಪಂಪಿನ ಕಥೆಯೇ. ಇನ್ನೊಂದು, ಅದನ್ನು ಸಾಕೆಟ್‌ನಲ್ಲೇ ದಿನಗಟ್ಟಲೆ ಬಿಟ್ಟರೆ ಬ್ಯಾಟರಿ ತಿನ್ನುತ್ತದೆ.

ಮೀಟರ್ ಇಟ್ಟುಕೊಂಡ ಎಲೆಕ್ಟ್ರೀಶಿಯನ್

ಪಿ.ಬಿ. ರಸ್ತೆಯ ಒಳಗಡೆ ಒಂದು ಸಣ್ಣ ಅಂಗಡಿ. ಅರವತ್ತರ ಹತ್ತಿರದ ಮನುಷ್ಯ. ಲಾರಿ ವೈರಿಂಗ್‌ನಿಂದ ಶುರು ಮಾಡಿದವರು. ಫೋನಿನ ಸಾಲು ತೋರಿಸಿದೆ. ಕನ್ನಡಕ ಏರಿಸಿ ನೋಡಿ, ‘ಇದು ಒಳ್ಳೇ ಕೆಲಸ ಮಾಡಿದ್ರಿ’ ಅಂದರು. ಆಮೇಲೆ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಎಂಜಿನ್ ಆನ್ ಇಟ್ಟು, ಚಹಾಕ್ಕೆ ಹೇಳಿದರು. ಆಫ್ ಆಗುವವರೆಗೆ ಕಾಯೋಣ ಅಂತ. ನಾಲ್ಕು ಕಡೆಗಳಲ್ಲಿ ಕಾದವರು ಇವರೊಬ್ಬರೇ.

50 ನಿಮಿಷಕ್ಕೆ ಆಫ್ ಆಯಿತು. ಅವರು ಮೊದಲು ಪಂಪ್ ರಿಲೇ ತೆಗೆದು ಪಕ್ಕದ ಅದೇ ನಂಬರಿನ ರಿಲೇ ಹಾಕಿದರು. ಸ್ಟಾರ್ಟ್ ಆಗಲಿಲ್ಲ. ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಪಿನ್ ಒಂದೊಂದನ್ನೂ ನೋಡಿ, ವೈರನ್ನು ಇಸಿಯುವರೆಗೆ ಮೀಟರ್ ಇಟ್ಟು ಅಳೆದರು. ವೈರ್ ಸರಿ ಇತ್ತು. ಕನೆಕ್ಟರ್ ವಾಪಸ್ ಹಾಕಿ, ಬಾಟಲಿಯಿಂದ ತಣ್ಣೀರನ್ನು ಆ ಸೆನ್ಸರಿನ ಮೇಲೆ ಮಾತ್ರ ಸಣ್ಣಗೆ ಬಿಟ್ಟರು. ಆವಿ ಎದ್ದಿತು. ಎರಡು ನಿಮಿಷ ಬಿಟ್ಟು ‘ಹೊಡೀರಿ’ ಅಂದರು. ಎಂಜಿನ್ ಹತ್ತಿಕೊಂಡಿತು. ಸಾಮಾನ್ಯವಾಗಿ 25 ನಿಮಿಷ ಬೇಕಾಗುತ್ತಿದ್ದದ್ದು ಎರಡೇ ನಿಮಿಷಕ್ಕೆ.

ನನಗೆ ಅಷ್ಟೇ ಸಾಕಾಗಿತ್ತು. ಅವರಿಗೆ ಸಾಕಾಗಲಿಲ್ಲ. ಸೆನ್ಸರ್ ಬಿಚ್ಚಿ ಟೇಬಲ್ ಮೇಲೆ ಇಟ್ಟರು. ಹೆಬ್ಬೆರಳಿನ ಗಾತ್ರದ ಕಪ್ಪು ಪ್ಲಾಸ್ಟಿಕ್, ತುದಿಯಲ್ಲಿ ಮ್ಯಾಗ್ನೆಟ್, ಅದಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು. ಎರಡು ವೈರಿನದು, ಅಂದರೆ ಒಳಗೆ ಕೂದಲಿನಷ್ಟು ತೆಳು ತಾಮ್ರದ ಕಾಯಿಲ್. ಮೀಟರ್ ಹಚ್ಚಿದರು: 872 ಓಮ್ಸ್. ವೈರಿನ ಸ್ಲೀವ್ ಬಿಗಿ ಮಾಡುವ ಹಾಟ್ ಏರ್ ಗನ್ ಅನ್ನು ದೂರದಿಂದ ಹಿಡಿದರು. 900. 940. 1,010. ‘ಇದು ಏರೋದು ಸಹಜ, ತಾಮ್ರ ಬಿಸಿಯಾದ್ರೆ ಏರ್ತದೆ’ ಅಂದರು. 1,040 ದಾಟಿತು. ಆಮೇಲೆ ಅಂಕಿಯೇ ಮಾಯ. ಮೀಟರಿನಲ್ಲಿ ಓಪನ್, ಅಂದರೆ ಸಂಪರ್ಕ ಕಡಿದಿದೆ, ಅಂತ ತೋರಿಸುವ ಗುರುತು. ಗನ್ ಆಫ್ ಮಾಡಿ ಕಾದೆವು. ತಣ್ಣಗಾಗುತ್ತಿದ್ದಂತೆ ಅಂಕಿ ತಾನಾಗಿಯೇ ವಾಪಸ್ ಬಂತು. ಒಳಗೆ ತಾಮ್ರದ ಎಳೆ ತುಂಡಾಗಿದೆ. ತಣ್ಣಗಿದ್ದಾಗ ತುದಿಗಳು ತಾಕಿಕೊಂಡಿರುತ್ತವೆ, ಹಿಗ್ಗಿದಾಗ ಬಿಡುತ್ತವೆ.

ಹೊಸ ಸೆನ್ಸರ್ 1,450, ಅವರ ಕೂಲಿ 400. ಅರ್ಧ ದಿನ ನನಗಾಗಿ ಕೂತವರಿಗೆ ಬರೀ 400 ಕೊಡಲು ಮನಸ್ಸು ಬರಲಿಲ್ಲ. ಜಾಸ್ತಿ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಯಾರಿಗೆ ಯಾವುದು

ನನ್ನನ್ನು ಕೇಳಿದರೆ ಡಬ್ಬಿ ಮತ್ತು ಎಲೆಕ್ಟ್ರೀಶಿಯನ್, ಎರಡೂ ಸೇರಿ. ಡಬ್ಬಿ ಇಲ್ಲದೆ ಹೋಗಿದ್ದರೆ ಅವರು ಇನ್ನೂ ಎರಡು ದಿನ ಹುಡುಕಬೇಕಿತ್ತು. ಅವರಿಲ್ಲದೆ ಡಬ್ಬಿಯನ್ನಷ್ಟೇ ನಂಬಿದ್ದರೆ, ನನ್ನ ಅದೃಷ್ಟಕ್ಕೆ ಸೆನ್ಸರೇ ಆಗಿತ್ತು ಸರಿ, ವೈರ್ ಆಗಿದ್ದರೆ ಮತ್ತೆ ದುಡ್ಡು ದಂಡ. ಎರಡಕ್ಕೂ ಹೊಸ ಸೆನ್ಸರಿಗೂ ಸೇರಿ ನನಗೆ 2,500 ರೂಪಾಯಿ ಆಯಿತು. ಅದಕ್ಕೂ ಮೊದಲು ಹೋದದ್ದು 6,780.

ಡೀಸೆಲ್ ಕಾರಿನವರಿಗೆ ಒಂದು ಎಚ್ಚರಿಕೆ. ಡಬ್ಬಿಯ ಭಾಗ ನಿಮಗೂ ಅನ್ವಯಿಸುತ್ತದೆ. ಆದರೆ ಈಗಿನ ಡೀಸೆಲ್ ಕಾರುಗಳ ಕಾಮನ್ ರೈಲ್ ಎಂಜಿನ್‌ನಲ್ಲಿ ಪೈಪ್ ಸಡಿಲ ಮಾಡಿ ಡೀಸೆಲ್ ಬರುತ್ತಿದೆಯಾ ಅಂತ ನೋಡಲು ಯಾರಿಗೂ ಬಿಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಚಿಮ್ಮು ಚರ್ಮ ಸೀಳಿ ಒಳಗೆ ಹೋಗುತ್ತದೆ.

ಕಳೆದ ವಾರ ಭರಮಸಾಗರದಲ್ಲಿ ನಿಲ್ಲಿಸಿ ಆ ಮೆಕ್ಯಾನಿಕ್ ಹುಡುಗನಿಗೆ ಎಲ್ಲಾ ಹೇಳಿದೆ. ಫೋನಿನಲ್ಲಿದ್ದ ಆ ಎರಡು ಸಾಲು ತೋರಿಸಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಸುಮಾರು ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ ನನ್ನ ಹಳೇ ಪಂಪನ್ನು ಪೇಪರಿನಲ್ಲಿ ಸುತ್ತಿ ತಂದು ಕೊಟ್ಟ. ಬ್ಯಾಟರಿಗೆ ಹಚ್ಚಿ ನೋಡಿದೆವು. ಗುಯ್ ಅಂತ ಚೆನ್ನಾಗಿ ತಿರುಗಿತು.